ಸ್ವರಲಿಪಿಯೂ ಗಣಕಯಂತ್ರದ ಲೇಖನಿಯೂ

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಸಂಜೆಯ ಹೊತ್ತು ಡೊಂಬಿವಲಿ, ಠಾಣೆಗಳ ಸಂಗೀತ ತರಗತಿಗಳಿಗೆ ಹೋಗುವಿರಷ್ಟೆ. ಅಲ್ಲಿಯ ಪುಸ್ತಕಗಳು ದೇವನಾಗರಿಯಲ್ಲಿರುವುದರಿಂದ ಸ್ವರಗಳನ್ನು ಕನ್ನಡದಲ್ಲಿ ಬರೆದುಕೊಳ್ಳುವಿರಿ. ಕಳೆದ ವರ್ಷ ನಮ್ಮ ಏಳನೆಯ ಇಯತ್ತೆಯ ಬಾಲಿಕೆಯೊಬ್ಬಳು ಭೈರವಿಯ ಪಾಠವನ್ನು ಮೊಬೈಲಿನಲ್ಲಿ ಬೆರಳಚ್ಚು ಮಾಡಿ, ಕಲ್ಯಾಣದಲ್ಲಿರುವ ಗೆಳತಿಗೆ ಸಂದೇಶವಾಗಿ ಕಳುಹಿಸಿದಳು. (ಊರು ಕಲ್ಯಾಣ, ರಾಗವಲ್ಲ!) ಸ್ವರಗಳ ಕೆಳಗೆ ಎಳೆದಿದ್ದ ಗೆರೆಗಳೆಲ್ಲ ದಾರಿಯಲ್ಲಿ ಅಳಿಸಿಹೋದವು. ಗೆಳತಿ ಹಾರ್ಮೋನಿಯಮ್ ನುಡಿಸಿದಾಗ ಕೇಳಿಬಂದುದು ಬಿಲಾವಲಿನ ಶುದ್ಧ ಸ್ವರಗಳು. ರಿ, ಗ, ಧ, ನಿ ನಾಲ್ಕೂ ತಮ್ಮ ಕೋಮಲತ್ವವನ್ನು ಕಳೆದುಕೊಂಡಿದ್ದವು. ಪಾಪ, ಆ ಮಗು ಅತ್ತೇಬಿಟ್ಟಿತು.

ಈ ಗೆರೆಗಳ ಪದ್ಧತಿಯನ್ನು ರೂಢಿಗೆ ತಂದವರು ಮುಂಬಯಿಯ ವಾಲಕೇಶ್ವರದಲ್ಲಿ 1860ರಲ್ಲಿ ಜನಿಸಿದ ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರು. ಕೋಮಲ ಸ್ವರಕ್ಕೆ ಕೆಳಗೆ ಅಡ್ಡಗೆರೆ, ತೀವ್ರ ಮಧ್ಯಮಕ್ಕೆ ಮೇಲೆ ನಿಂತಗೆರೆ, ಮಂದ್ರಕ್ಕೆ ಕೆಳಗೆ ಬಿಂದು, ತಾರಕ್ಕೆ ಮೇಲೆ ಬಿಂದು. ಕೈಬರಹಕ್ಕೆ ಇದಕ್ಕಿಂತ ಸುಲಭವಾದುದು ಇನ್ನಾವುದು? ಬೆರಳಚ್ಚಿನಲ್ಲಿಯೇ ತೊಡಕು. ಮರಾಠಿ ಗೆಳೆಯರು ಸಕಾರದ ಮೇಲೆ ಅನುಸ್ವಾರವನ್ನಿಟ್ಟು ಅದನ್ನೇ ತಾರ ಷಡ್ಜದ ಬಿಂದುವೆನ್ನಬಲ್ಲರು. ನಮ್ಮ ಸೊನ್ನೆಯಾದರೋ ಅಕ್ಷರದ ಪಕ್ಕದಲ್ಲಿ ಕೂರುವಂಥದು. ‘ಸಂ’ ಎಂದೇ ಓದಬೇಕಾಗುತ್ತದೆ. ಯುನಿಕೋಡಿನಲ್ಲಿ ಮೇಲೆ, ಕೆಳಗೆ ಇಡುವ ಬಿಂದುಗಳು ಬೇರೆಯಾಗಿಯೇ ಇದ್ದರೂ ಅನೇಕ ಕನ್ನಡ ಫಾಂಟುಗಳಲ್ಲಿ ಅವು ನೆಟ್ಟಗೆ ಕೂರುವುದಿಲ್ಲ. ರಿ, ನಿ ಅಕ್ಷರಗಳ ತಲೆಯ ಮೇಲಂತೂ ಗುಡಿಸು ಮೊದಲೇ ಜಾಗ ಹಿಡಿದಿದೆ.

ಆದುದರಿಂದ ನಾವು ಲೇಖನಿಯ ಮೊರೆಹೊಕ್ಕೆವು. ಮೊಬೈಲಿನ ಸ್ಪರ್ಶಪರದೆಯು ಗಾಜಿನಡಿಯ ವಿದ್ಯುತ್ಕ್ಷೇತ್ರದಲ್ಲಿ ಬೆರಳು ಉಂಟುಮಾಡುವ ವ್ಯತ್ಯಾಸವನ್ನು ಅಳೆದು, ಮುಟ್ಟಿದ ಸ್ಥಳವನ್ನು ಗುರುತಿಸುತ್ತದೆ. ಬೆರಳಿನ ತುದಿ ದಪ್ಪವಾದುದರಿಂದ ಸಣ್ಣ ಬಿಂದು ಎಲ್ಲಿ ಬಿತ್ತೆಂಬುದು ಬರೆಯುವವರಿಗೇ ಕಾಣದು. ಪೆನ್ ಟ್ಯಾಬ್ಲೆಟ್ ಎಂಬ ಫಲಕದ ರೀತಿ ಬೇರೆ. ಅಂಥ ಅನೇಕ ಫಲಕಗಳ ಲೇಖನಿಗೆ ಬ್ಯಾಟರಿಯೇ ಬೇಡ; ಒಳಗಿನ ತಂತಿಸುರುಳಿಗಳ ಕಾಂತಕ್ಷೇತ್ರದಿಂದಲೇ ಅದು ಶಕ್ತಿಯನ್ನು ಪಡೆಯುತ್ತದೆ. ತುದಿ ಸೂಕ್ಷ್ಮ, ಅಂಗೈ ಊರಿದರೂ ಬಾಧೆಯಿಲ್ಲ. ಆದರೆ ಕೈ ಮೇಜಿನ ಮೇಲೆ, ಕಣ್ಣು ಪರದೆಯ ಮೇಲೆ! ನಮ್ಮ ಸಾಲು ನೆಟ್ಟಗಾಗಲು ಎರಡು ವಾರ ಹಿಡಿಯಿತು. ಮಕ್ಕಳು ಎರಡೇ ದಿನದಲ್ಲಿ ಕಲಿತರು.

ಹೀಗೆ ಬರೆದದ್ದು ಯಂತ್ರಕ್ಕೆ ಬರಿಯ ಚಿತ್ರ, ಸ್ವರವಲ್ಲವೆಂಬುದನ್ನು ಮರೆಯಬಾರದು. ಪಾಶ್ಚಾತ್ಯರ ಐದು ಗೆರೆಗಳ ಲಿಪಿಗೆ 2015ರಲ್ಲಿಯೇ ಸ್ಟಾಫ್‌ಪ್ಯಾಡ್ ಎಂಬ ತಂತ್ರಾಂಶ ಬಂದಿತು. ಲೇಖನಿಯಿಂದ ಬರೆದುದನ್ನು ಅದು ಗುರುತಿಸಿ, ಅಚ್ಚಿನ ರೂಪಕ್ಕೆ ತಿರುಗಿಸಿ, ನುಡಿಸಿಯೂ ತೋರಿಸುತ್ತದೆ. ನಮ್ಮ ಸ್ವರಲಿಪಿಗೂ ಹಾಗೆ ಮಾಡಬೇಕಾದರೆ ಯಂತ್ರವು ಮೊದಲು ಪದ್ಧತಿ ಯಾವುದೆಂದು ತಿಳಿಯಬೇಕು. ಪಂಡಿತ ವಿಷ್ಣು ದಿಗಂಬರ ಪಲುಸ್ಕರರ ಪದ್ಧತಿಯಲ್ಲಿ ಸ್ವರದ ಮೇಲಿನ ಬಿಂದು ಮಂದ್ರಕ್ಕೆ, ತಾರಕ್ಕೆ ನಿಂತಗೆರೆ. ಭಾತಖಂಡೆಯವರ ಬಿಂದುವಿಗೆ ಇದು ನೇರ ವಿರುದ್ಧ. ಒಂದೇ ಬಿಂದುವಿನಿಂದ ಸ್ವರವು ಎರಡು ಸಪ್ತಕದಷ್ಟು ದೂರ ಸರಿಯುವುದು! ಅದನ್ನು ಊಹಿಸುವುದು ಯಂತ್ರಕ್ಕೇ ಏಕೆ, ಪುಟ ಕೈಗೆ ಬಂದ ಮನುಷ್ಯರಿಗೂ ಕಷ್ಟ.

ಈಗ ಆ ಬಾಲಿಕೆಯು ಪುಟದ ತಲೆಯಲ್ಲಿ ಪದ್ಧತಿ, ರಾಗ, ತಾಲಗಳ ಹೆಸರನ್ನೂ, ಅದರ ಕೆಳಗೆ ‘ರಿ, ಗ, ಧ, ನಿ ಕೋಮಲ’ ಎಂದೂ ಅಕ್ಷರದಲ್ಲಿಯೇ ಬರೆದು, ಲೇಖನಿಯ ಬರಹವನ್ನು ಚಿತ್ರವಾಗಿ ಕಳುಹಿಸುತ್ತಾಳೆ. ಮೊನ್ನೆ ಕಲ್ಯಾಣದಿಂದ ಉತ್ತರವಾಗಿ ಹಾರ್ಮೋನಿಯಮ್ಮಿನ ಧ್ವನಿಮುದ್ರಣ ಬಂದಿತು. ತರಗತಿಯಲ್ಲಿ ಎಲ್ಲರೂ ಕೂಡಿ ಕೇಳಿದೆವು, ಭೈರವಿಯೇ ಆಗಿತ್ತು.