ಅಡ್ಡಕೂಗು ಬಂದಾಗ ಜೊತೆಗಾರನಿಗೆ ಉತ್ತರ

ಕಾರವಾರದ ಬೈತಖೋಲ್ ಬಂದರಿನಲ್ಲಾಗಲಿ ಅಂಕೋಲೆಯ ಬಳಿಯ ಬೇಲೇಕೇರಿಯಲ್ಲಾಗಲಿ ದೋಣಿಗಳು ದಡ ಸೇರಿದ ಹೊತ್ತಿನಲ್ಲಿ ಮೀನಿನ ಹರಾಜನ್ನು ಕಂಡವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಅಲ್ಲಿ ಕೂಗು ಏರುವುದೇ ಹೊರತು ಇಳಿಯದು. ಒಬ್ಬನು ಕೂಗಿದ ಮೇಲೆ ಮತ್ತೊಬ್ಬನು ಅದಕ್ಕಿಂತ ಹೆಚ್ಚು ಕೂಗಬೇಕು, ಇಲ್ಲವೆ ಸುಮ್ಮನಿರಬೇಕು. ಬ್ರಿಜ್ ಎಂಬ ಇಸ್ಪೀಟಾಟದ ಮೊದಲ ಭಾಗವೂ ಇಂಥದೇ ಒಂದು ಹರಾಜು. (ಕಾರವಾರದಲ್ಲಿ ಬ್ರಿಜ್ ಎಂದೊಡನೆ ಕಾಳಿ ನದಿಯ ಸೇತುವೆ ನೆನಪಿಗೆ ಬರುವುದು ಸಹಜ. 2024ರ ಆಗಸ್ಟ್ 7ರಂದು ಕುಸಿದ ಆ ಹಳೆಯ ಸೇತುವೆಗೂ ಈ ಲೇಖನಕ್ಕೂ ಸಂಬಂಧವಿಲ್ಲ.) ಆದರೆ ಮೀನಿನ ಹರಾಜಿಗೂ ಬ್ರಿಜ್ಜಿನ ಹರಾಜಿಗೂ ಒಂದು ದೊಡ್ಡ ಅಂತರವುಂಟು. ಬ್ರಿಜ್ಜಿನಲ್ಲಿ ಕೂಗು ಬೆಲೆಯೂ ಹೌದು, ಜೊತೆಗಾರನಿಗೆ ಹೇಳುವ ಮಾತೂ ಹೌದು. ಆ ಮಾತಿನ ನಡುವೆ ಎದುರಾಳಿಯು ಬಾಯಿ ಹಾಕಿದರೆ ಏನಾಗುತ್ತದೆ ಎಂಬುದೇ ನಮ್ಮ ಇಂದಿನ ವಿಷಯ.

ಆಟವನ್ನು ಅರಿಯದ ವಾಚಕರಿಗಾಗಿ ನಿಯಮಗಳನ್ನು ಸಂಕ್ಷೇಪವಾಗಿ ಹೇಳಿಬಿಡೋಣ. ಆಡುವವರು ನಾಲ್ವರು, ಎದುರುಬದುರಾಗಿ ಕುಳಿತ ಇಬ್ಬರು ಒಂದು ಜೋಡಿ. 52 ಎಲೆಗಳನ್ನು ಹಂಚಿದರೆ ಒಬ್ಬೊಬ್ಬರಿಗೆ 13 ಎಲೆ. ರಂಗುಗಳು ನಾಲ್ಕು. ಕೆಳಗಿನಿಂದ ಮೇಲಕ್ಕೆ ಅವುಗಳ ಕ್ರಮ ಕಳಾವರ, ಚೌಕಟ, ಬದಾಮ, ಇಸ್ಪೀಟು. ಹಳೆಯ ಮೈಸೂರಿನ ಕಡೆಯವರು ಚೌಕಟಕ್ಕೆ ಡೈಮನ್ ಎಂದೂ ಬದಾಮಕ್ಕೆ ಆಟೀನ್ ಎಂದೂ ಹೇಳುವರು. ನಾವು ಕರಾವಳಿಯ ರೂಢಿಯನ್ನೇ ಹಿಡಿಯೋಣ. ಈ ನಾಲ್ಕಕ್ಕೂ ಮೇಲಿನದು ತುರುಪಿಲ್ಲದ ಆಟ, ಅಂದರೆ ನೋಟ್ರಂಪ್. ನಾಲ್ವರೂ ಒಂದೊಂದು ಎಲೆ ಇಳಿಸಿದಾಗ ಒಂದು ಪಟ್ಟು. ಒಟ್ಟು 13 ಪಟ್ಟು. ‘1 ಬದಾಮ’ ಎಂದು ಕೂಗಿದವನು ಬದಾಮವನ್ನು ತುರುಪು ಮಾಡಿ ಆರರ ಮೇಲೆ ಒಂದು, ಎಂದರೆ ಏಳು ಪಟ್ಟು ಗೆಲ್ಲುವೆವೆಂದು ಮಾತು ಕೊಟ್ಟಂತೆ. 3 ನೋಟ್ರಂಪನ್ನಾಗಲಿ, 4 ಬದಾಮ ಅಥವಾ 4 ಇಸ್ಪೀಟನ್ನಾಗಲಿ ಕೂಗಿ ಗೆದ್ದರೆ ‘ಗೇಮ್’ ಎಂಬ ದೊಡ್ಡ ಬಹುಮಾನವಿದೆ. ಈ ರೂಪದ ಆಟವು 1925ರಲ್ಲಿ ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಎಂಬವರಿಂದ ಬಂದುದು.

ಇಸ್ಪೀಟು ಎಂದರೆ ಹುಬ್ಬು ಗಂಟಿಕ್ಕುವ ಹಿರಿಯರು ನಮ್ಮಲ್ಲಿ ಇಂದಿಗೂ ಇದ್ದಾರೆ. ಹಣ ಕಟ್ಟಿ ಆಡುವ ಆಟಗಳನ್ನು ಕಂಡು ಬಂದ ಸಿಟ್ಟು ಅದು. ಆದರೆ ಬ್ರಿಜ್ ಪಂದ್ಯಗಳಲ್ಲಿ ಅದೃಷ್ಟಕ್ಕೆ ಉಳಿಯುವ ಪಾಲು ಬಹಳ ಸ್ವಲ್ಪ. ಅಲ್ಲಿ ಒಂದೇ ಹಂಚಿಕೆಯ ಎಲೆಗಳನ್ನು ಎಲ್ಲ ಮೇಜುಗಳಲ್ಲಿಯೂ ಆಡಿಸಿ, ಅವೇ ಎಲೆಗಳಿಂದ ಯಾರು ಹೆಚ್ಚು ಸಾಧಿಸಿದರೆಂದು ಹೋಲಿಸುತ್ತಾರೆ. 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಭಾರತಕ್ಕೆ ಚಿನ್ನದ ಪದಕ ತಂದುದು ಈ ಆಟದಲ್ಲಿಯೇ.

ಇನ್ನು ಮಾತಿನ ವಿಚಾರ. 52 ಎಲೆಗಳಿಂದ 13ನ್ನು ಆರಿಸುವ ಬಗೆಗಳು 6,35,01,35,59,600. ಇಷ್ಟು ಬಗೆಯ ಕೈಗಳಲ್ಲಿ ತನ್ನದು ಯಾವುದೆಂದು ಜೊತೆಗಾರನಿಗೆ ಸೂಚಿಸಲು ಆಟಗಾರನಿಗಿರುವ ಶಬ್ದಗಳು ಕೇವಲ 38. ಒಂದರಿಂದ ಏಳರವರೆಗೆ ಏಳು ಮಟ್ಟ, ಮಟ್ಟಕ್ಕೆ ಐದರಂತೆ 35 ಕೂಗುಗಳು. ಜೊತೆಗೆ ಪಾಸ್, ಡಬಲ್, ರೀಡಬಲ್ ಎಂಬ ಮೂರು. ಕಣ್ಸನ್ನೆ, ಕೆಮ್ಮು, ತಡವರಿಸುವಿಕೆ ಇವುಗಳಿಂದ ಏನನ್ನೂ ತಿಳಿಸಕೂಡದು. ಯಾವ ಕೂಗಿಗೆ ಯಾವ ಅರ್ಥವೆಂಬುದನ್ನು ಎದುರಾಳಿಗಳು ಕೇಳಿದರೆ ಮರೆಮಾಚದೆ ಹೇಳಬೇಕು. ಗುಟ್ಟಿನ ಭಾಷೆಗೆ ಇಲ್ಲಿ ಎಡೆಯಿಲ್ಲ. ಕೈಯ ಬಲವನ್ನು ಅಳೆಯಲು ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಅಂಕ ಕೊಡುವ ರೂಢಿಯಿದೆ. ಇಡೀ ಕಟ್ಟಿನಲ್ಲಿ 40 ಅಂಕ. ಸುಮಾರು 12 ಅಂಕವಿದ್ದವನು ಹರಾಜನ್ನು ಆರಂಭಿಸುವನು. ಅವನ ಜೊತೆಗಾರನು 6 ಅಂಕವಿದ್ದರೆ ಉತ್ತರ ಕೊಡುವನು. ಇಬ್ಬರದೂ ಸೇರಿ 25ರ ಹತ್ತಿರ ಬಂದರೆ ಗೇಮ್ ಸಾಧ್ಯ. ಬದಾಮ ಅಥವಾ ಇಸ್ಪೀಟಿನಿಂದ ಆರಂಭಿಸುವವನ ಬಳಿ ಆ ರಂಗಿನ ಐದು ಎಲೆಗಳಾದರೂ ಇರುವುದೆಂಬ ಪದ್ಧತಿಯನ್ನು ನಾವಿಲ್ಲಿ ಇಟ್ಟುಕೊಂಡಿದ್ದೇವೆ.

ನಾವೂ ನಮ್ಮ ಜೊತೆಗಾರನೂ ಕಾರವಾರದ ಜೋಡಿ, ಎದುರಾಳಿಗಳು ಅಂಕೋಲೆಯವರು ಎಂದಿಟ್ಟುಕೊಳ್ಳೋಣ. ಜೊತೆಗಾರನು ‘1 ಚೌಕಟ’ ಎಂದನು. ಇಲ್ಲಿಂದ 3 ನೋಟ್ರಂಪಿನವರೆಗಿನ ದಾರಿಯನ್ನು ಕಾರವಾರದಿಂದ ಅಂಕೋಲೆಗೆ ಹೋಗುವ ಬಸ್ಸಿನ ದಾರಿಯಂತೆ ಭಾವಿಸಬಹುದು. ಬಿಣಗಾ, ಅಮದಳ್ಳಿ, ಅವರ್ಸಾ ಎಂದು ನಡುವೆ ನಿಲುಗಡೆಗಳಿವೆ; ಬಸ್ಸು ಹಿಂದಕ್ಕೆ ಬಾರದು. ಬ್ರಿಜ್ಜಿನ ಈ ದಾರಿಯಲ್ಲಿ 1 ಬದಾಮದಿಂದ 3 ಇಸ್ಪೀಟಿನವರೆಗೆ 12 ನಿಲುಗಡೆಗಳು. ಎದುರಾಳಿ ಪಾಸ್ ಎಂದರೆ ಆ ಹನ್ನೆರಡೂ ನಮ್ಮವು. ಒಂದೊಂದರಲ್ಲಿಯೂ ನಿಂತು ಒಂದೊಂದು ಸಂಗತಿ ಹೇಳಬಹುದು. ಅವನು ‘1 ಇಸ್ಪೀಟು’ ಎಂದು ಅಡ್ಡಕೂಗು ಹಾಕಿದರೆ ಉಳಿಯುವುವು 10. ಒಮ್ಮೆಲೇ ‘2 ಇಸ್ಪೀಟು’ ಎಂದರೆ 5. ‘3 ಇಸ್ಪೀಟು’ ಎಂದು ಎಗರಿದರೆ ಒಂದೂ ಇಲ್ಲ. ಬಿಣಗಾದಲ್ಲಿ ಇಳಿಯಬೇಕಾದವನು ನೇರವಾಗಿ ಅಂಕೋಲೆಯನ್ನೇ ನೋಡಬೇಕು. ಕೈಯಲ್ಲಿ ಹೆಚ್ಚು ಬಲವಿಲ್ಲದ, ಆದರೆ ಒಂದೇ ರಂಗಿನ ಉದ್ದ ಸಾಲಿರುವ ಎದುರಾಳಿ ಎಗರಿ ಕೂಗುವುದು ಏತಕ್ಕೆಂಬುದು ಇದರಿಂದ ತಿಳಿಯುತ್ತದೆ. ಅವನು ಬಯಸುವುದು ಆಟವನ್ನು ಗೆಲ್ಲುವುದಕ್ಕಿಂತ ಹೆಚ್ಚಾಗಿ ನಮ್ಮ ಮಾತನ್ನು ಕೆಡಿಸುವುದನ್ನು.

ಆದರೆ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ. ಆರಂಭ ಕಲಿಯುವವರು ಇದನ್ನು ಗಮನಿಸುವುದಿಲ್ಲ. 1 ಚೌಕಟದ ಮೇಲೆ ಎದುರಾಳಿ ಪಾಸ್ ಹೇಳಿದಾಗ ನಮಗಿರುವ ಶಬ್ದಗಳು ಎಷ್ಟು? ಮೇಲಿನ 33 ಕೂಗುಗಳು ಮತ್ತು ಪಾಸ್, ಒಟ್ಟು 34. ಜೊತೆಗಾರನ ಕೂಗನ್ನು ನಾವು ಡಬಲ್ ಮಾಡುವಂತಿಲ್ಲವಷ್ಟೆ. ಎದುರಾಳಿ ‘1 ಬದಾಮ’ ಎಂದರೆ ಒಂದು ಕೂಗು ಹೋಯಿತು, ಆದರೆ ಡಬಲ್ ಎಂಬುದು ಬಂದಿತು, ಮತ್ತೆ 34. ಅವನು ಡಬಲ್ ಎಂದರೆ ಕೂಗುಗಳೊಂದೂ ಹೋಗದೆ ರೀಡಬಲ್ ನಮಗೆ ದೊರೆಯುವುದು, ಆಗ 35. ಅಗ್ಗದ ಅಡ್ಡಕೂಗು ನಮ್ಮಿಂದ ಕಿತ್ತುಕೊಳ್ಳುವುದು ಅಲ್ಪ. ಕೆಲವು ವೇಳೆ ಅದು ಕೊಡುವುದೇ ಹೆಚ್ಚು. 2 ಇಸ್ಪೀಟಿನ ಎಗರು ಮಾತ್ರ ನಮ್ಮನ್ನು 28ಕ್ಕೆ ಇಳಿಸುತ್ತದೆ.

1948ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ಸಂದೇಶಗಳ ಗಣಿತವನ್ನು ಸ್ಥಾಪಿಸಿದರು. ಗದ್ದಲವಿರುವ ತಂತಿಯ ಮೂಲಕವೂ ಸಂದೇಶವನ್ನು ಕೆಡದಂತೆ ಕಳಿಸಬಹುದು, ಆದರೆ ಸಂಕೇತಗಳನ್ನು ಗದ್ದಲಕ್ಕೆ ತಕ್ಕಂತೆ ಮೊದಲೇ ಏರ್ಪಡಿಸಿಕೊಂಡಿರಬೇಕು ಎಂಬುದು ಅವರು ತೋರಿಸಿದ ಮುಖ್ಯ ಸಂಗತಿಗಳಲ್ಲೊಂದು. ತಂತಿಯ ಗದ್ದಲ ಕುರುಡು. ಬ್ರಿಜ್ಜಿನ ಎದುರಾಳಿಗೆ ಕಣ್ಣಿದೆ. ಆದುದರಿಂದ ಇಲ್ಲಿ ಏರ್ಪಾಡು ಇನ್ನಷ್ಟು ಅಗತ್ಯ. ಅಡ್ಡಕೂಗು ಬಿದ್ದ ಮೇಲೂ ಹಳೆಯ ಅರ್ಥಗಳನ್ನೇ ಹಿಡಿದು ಕುಳಿತ ಜೋಡಿಗೆ ಒಂದು ಶಬ್ದ ಕಡಿಮೆಯಾಗಿರುತ್ತದೆ, ಹೊಸ ಶಬ್ದವೋ ಬಳಕೆಯಿಲ್ಲದೆ ಬಿದ್ದಿರುತ್ತದೆ.

ಒಂದು ಕೈಯನ್ನು ನೋಡೋಣ. ನಮ್ಮಲ್ಲಿ ಇಸ್ಪೀಟು 7, 4. ಬದಾಮ ರಾಜ, ಗುಲಾಮ, 8, 5. ಚೌಕಟ 9, 6, 2. ಕಳಾವರ ಎಕ್ಕ, 10, 7, 3. ಅಂಕ 8. ಜೊತೆಗಾರನು 1 ಚೌಕಟವೆಂದು ಎದುರಾಳಿ ಪಾಸ್ ಹೇಳಿದ್ದರೆ 1 ಬದಾಮವೆಂದು ಹೇಳಿ ನಿಶ್ಚಿಂತರಾಗಿರುತ್ತಿದ್ದೆವು. ಈಗ ನಡುವೆ 1 ಇಸ್ಪೀಟು ಬಿದ್ದಿದೆ. ಬದಾಮವನ್ನು ಹೆಸರಿಸಬೇಕಾದರೆ 2ರ ಮಟ್ಟಕ್ಕೆ ಏರಬೇಕು. ಹಾಗೆ ಏರಿದರೆ ಜೊತೆಗಾರನೂ ಇನ್ನಷ್ಟು ಮೇಲೆ ಹೋಗಬೇಕಾದೀತು. ಅದಕ್ಕಾಗಿಯೇ ಅಲ್ಲಿ ಹೊಸ ರಂಗನ್ನು ಹೇಳುವವನಿಗೆ ಐದು ಎಲೆಯೂ ಸುಮಾರು 10 ಅಂಕವೂ ಬೇಕೆಂಬ ನಿಬಂಧನೆ. ನಮ್ಮಲ್ಲಿ ಎರಡೂ ಇಲ್ಲ. ಪಾಸ್ ಎಂದರೆ 8 ಅಂಕ ಮುಚ್ಚಿಹೋಗುವುದು.

ಹಿಂದಿನ ಕಾಲದಲ್ಲಿ ಇಲ್ಲಿ ಡಬಲ್ ಎಂದರೆ ‘ಇವರನ್ನು ಸೋಲಿಸುವೆವು, ದಂಡ ಇಮ್ಮಡಿಯಾಗಲಿ’ ಎಂದೇ ಅರ್ಥ. ಆದರೆ ಒಂದರ ಮಟ್ಟದಲ್ಲಿ ಎದುರಾಳಿಯನ್ನು ದಂಡಿಸುವ ಸಂದರ್ಭ ಎಷ್ಟು ಬಾರಿ ಒದಗೀತು? ಅಪರೂಪದ ಕೆಲಸಕ್ಕೆ ಒಂದು ಅಗ್ಗದ ಶಬ್ದವನ್ನು ಮೀಸಲಿಡುವುದು ದುಂದುಗಾರಿಕೆಯೆಂದು 1957ರಲ್ಲಿ ಆಲ್ವಿನ್ ರಾತ್ ಮತ್ತು ಟೋಬಿಯಾಸ್ ಸ್ಟೋನ್ ಎಂಬ ಅಮೆರಿಕದ ಆಟಗಾರರು ಬಗೆದರು. ಅವರು ಈ ಡಬಲ್ಲಿಗೆ ‘ಯಾರೂ ಹೇಳದ ರಂಗು ನನ್ನಲ್ಲಿದೆ, ಉತ್ತರಿಸುವಷ್ಟು ಅಂಕವಿದೆ, ಆರಿಸುವವನು ನೀನು’ ಎಂಬ ಅರ್ಥ ಕೊಟ್ಟರು. ಅದೇ ವರ್ಷ ಅಕ್ಟೋಬರ್ 4ರಂದು ರಷ್ಯದವರು ಸ್ಪುಟ್ನಿಕ್ಕನ್ನು ಹಾರಿಸಿದ್ದರಾಗಿ ಈ ಹೊಸತಿಗೆ ‘ಸ್ಪುಟ್ನಿಕ್ ಡಬಲ್’ ಎಂಬ ಅಡ್ಡಹೆಸರೇ ಬಿದ್ದಿತು. ನಮ್ಮ ಕೈಗೆ ಹಿಂದಿರುಗಿದರೆ, ನಾವು ಡಬಲ್ ಎನ್ನುತ್ತೇವೆ. ಜೊತೆಗಾರನ ಕೈ ಇಸ್ಪೀಟು ಎಕ್ಕ, 5. ಬದಾಮ ಎಕ್ಕ, ರಾಣಿ, 7, 2. ಚೌಕಟ ರಾಜ, ಗುಲಾಮ, 8, 4, 3. ಕಳಾವರ 6, 4 ಆಗಿದ್ದರೆ ಅವನು 2 ಬದಾಮವೆನ್ನುವನು. ಎಂಟು ತುರುಪುಗಳ ಜೋಡಣೆ ಸಿಕ್ಕಿತು.

ಇದಕ್ಕಿಂತ ಸ್ವಾರಸ್ಯವಾದುದು ಅಡ್ಡಕೂಗು 1 ಬದಾಮವಾದಾಗಿನ ಸ್ಥಿತಿ. ಶಾಂತವಾದ ಹರಾಜಿನಲ್ಲಿ ನಮ್ಮ 1 ಇಸ್ಪೀಟು ‘ನಾಲ್ಕೋ ಅದಕ್ಕಿಂತ ಹೆಚ್ಚೋ ಇಸ್ಪೀಟಿದೆ’ ಎಂದಷ್ಟೇ ಹೇಳುತ್ತದೆ. ಈಗಲಾದರೋ ಡಬಲ್ ಎಂದರೆ ಸರಿಯಾಗಿ ನಾಲ್ಕು, 1 ಇಸ್ಪೀಟು ಎಂದರೆ ಐದು ಅಥವಾ ಮೇಲೆ. ಎದುರಾಳಿಯು ಬಾಯಿ ಹಾಕಿದ್ದರಿಂದಲೇ ನಮ್ಮ ಮಾತು ಹೆಚ್ಚು ಖಚಿತವಾಯಿತು!

ಪಾಸಿನ ಅರ್ಥವೂ ಬದಲಾಗುತ್ತದೆ. ಎದುರಾಳಿ ಸುಮ್ಮನಿದ್ದಾಗ ನಾವೂ ಪಾಸ್ ಎಂದರೆ ಹರಾಜು ಅಲ್ಲಿಗೇ ಮುಗಿದುಹೋಗಬಹುದು. ಆದುದರಿಂದ ಆರೇ ಅಂಕವಿದ್ದರೂ ಏನಾದರೂ ಹೇಳಿ ಬಾಗಿಲು ತೆರೆದಿಡಬೇಕು. ಅಡ್ಡಕೂಗು ಬಂದಾಗ ಜೊತೆಗಾರನಿಗೆ ಇನ್ನೊಂದು ಸರದಿ ಹೇಗೂ ಇದೆ. ಹೇಳುವಂಥದು ಇಲ್ಲದಿದ್ದರೆ ಮೌನವೇ ಸರಿ. ಆ ಮೌನದಲ್ಲಿ ಬಲೆಯೂ ಇರಬಹುದು. ಎದುರಾಳಿ 1 ಇಸ್ಪೀಟು ಎಂದಾಗ ನಮ್ಮಲ್ಲಿಯೇ ಇಸ್ಪೀಟಿನ ಎಕ್ಕ, ರಾಣಿ, 10, 8, 3 ಇವೆಯೆನ್ನೋಣ. ದಂಡಿಸುವ ಡಬಲ್ ಈಗ ನಮಗಿಲ್ಲ, ಪಾಸ್ ಎನ್ನುತ್ತೇವೆ. ಮುಂದಿನ ಎದುರಾಳಿಯೂ ಪಾಸ್. ಜೊತೆಗಾರನು ತನ್ನಲ್ಲಿ ಒಂದೋ ಎರಡೋ ಇಸ್ಪೀಟನ್ನು ಕಂಡು, ಉಳಿದವು ನಮ್ಮಲ್ಲಿ ಇರಬೇಕೆಂದು ಊಹಿಸಿ ಡಬಲ್ ಎನ್ನುವನು. ನಾವು ಮತ್ತೆ ಪಾಸ್ ಎಂದರೆ ಬಲೆ ಬಿಗಿಯಿತು.

ಜೊತೆಗಾರನ ರಂಗು ನಮಗೂ ಒಪ್ಪಿಗೆಯಾದರೆ ಕೆಲಸ ಸುಲಭ. ಅವನು 1 ಬದಾಮ, ಎದುರಾಳಿ 1 ಇಸ್ಪೀಟು ಎಂದಿದ್ದಾರೆ. ಮೂರು ಬದಾಮ, 8 ಅಂಕವಿದ್ದರೆ 2 ಬದಾಮ. ಆದರೆ ಇಸ್ಪೀಟು 8, 3. ಬದಾಮ ರಾಜ, 9, 6. ಚೌಕಟ ಎಕ್ಕ, ರಾಣಿ, 7, 4. ಕಳಾವರ ರಾಣಿ, 8, 5, 2 ಎಂಬ 11 ಅಂಕದ ಕೈಯಿದ್ದರೆ? ಆಗ 2 ಇಸ್ಪೀಟು! ಎದುರಾಳಿಯ ರಂಗನ್ನು ನಾವು ತುರುಪು ಮಾಡಬಯಸುವುದು ಅಸಂಭವವಾದ್ದರಿಂದ ಅವನದೇ ರಂಗು ‘ನಿನ್ನ ಬದಾಮಕ್ಕೆ ಬಲವಾದ ಬೆಂಬಲವಿದೆ’ ಎಂಬ ಸೂಚನೆಗೆ ಒದಗುತ್ತದೆ. ಹೀಗೆ ಬಲದ ಕೈಗಳಿಗೆ ಬೇರೆ ದಾರಿ ಸಿಕ್ಕಿದ್ದರಿಂದ 3 ಬದಾಮದ ಎಗರನ್ನು ನಾಲ್ಕು ತುರುಪಿರುವ ದುರ್ಬಲ ಕೈಗೆ ಬಿಡಬಹುದು. ಎರಡು ಪಕ್ಷಗಳೂ ತಮ್ಮ ತಮ್ಮ ತುರುಪಿನಲ್ಲಿ ಗೆಲ್ಲಬಲ್ಲ ಪಟ್ಟುಗಳ ಮೊತ್ತವು ಅವರ ತುರುಪುಗಳ ಮೊತ್ತಕ್ಕೆ ಸುಮಾರಾಗಿ ಸಮವೆಂದು ಫ್ರಾನ್ಸಿನ ಜ್ಯಾಂ ರೆನೆ ವೆರ್ನ್ 1966ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಇದರಿಂದ ಹುಟ್ಟಿದ ರೂಢಿಯಂತೆ ಒಂಬತ್ತು ತುರುಪಿದ್ದರೆ ಒಂಬತ್ತು ಪಟ್ಟಿನ ಮಟ್ಟಕ್ಕೆ, ಎಂದರೆ ಮೂರಕ್ಕೆ, ಧೈರ್ಯವಾಗಿ ಏರಬಹುದು. ಈ ಸಲ ನಿಲುಗಡೆಗಳನ್ನು ಕಳೆದುಕೊಳ್ಳುವವರು ಅಂಕೋಲೆಯವರು.

ಎದುರಾಳಿ ಡಬಲ್ ಎಂದರೆ ಅದು ತನ್ನ ಜೊತೆಗಾರನಿಗೆ ‘ನೀನೂ ಒಂದು ರಂಗು ಹೇಳು’ ಎಂಬ ಕೋರಿಕೆ. 10 ಅಂಕವಿದ್ದರೆ ನಾವು ರೀಡಬಲ್ ಎನ್ನಬೇಕು. ಜೊತೆಗಾರನ 12ರೊಡನೆ 40ರಲ್ಲಿ 22 ನಮ್ಮ ಕಡೆಗಾಯಿತು.

ಅಭ್ಯಾಸಕ್ಕೆ ಒಂದು ಕೈಯನ್ನು ಕೊಡುತ್ತೇವೆ. ಉತ್ತರ ಓದುವ ಮೊದಲು ವಾಚಕರು ಯೋಚಿಸಲಿ. ಜೊತೆಗಾರ 1 ಚೌಕಟ, ಎದುರಾಳಿ 1 ಇಸ್ಪೀಟು. ನಮ್ಮಲ್ಲಿ ಇಸ್ಪೀಟು 9, 5. ಬದಾಮ ರಾಜ, ರಾಣಿ, 10, 7, 6, 4. ಚೌಕಟ 8, 3. ಕಳಾವರ ಗುಲಾಮ, 6, 2. ಬದಾಮಗಳು ಆರಿದ್ದರೂ ಅಂಕ ಆರೇ ಆದುದರಿಂದ 2 ಬದಾಮವೆನ್ನುವಂತಿಲ್ಲ. ಮೊದಲು ಡಬಲ್. ಜೊತೆಗಾರನು 2 ಚೌಕಟವೆಂದರೆ ಆಗ 2 ಬದಾಮ. ಬಲವಿದ್ದರೆ ಮೊದಲೇ ಹೇಳುತ್ತಿದ್ದರು, ನಾಲ್ಕೇ ಎಲೆಯಿದ್ದರೆ ಈಗ ಹೇಳುತ್ತಿರಲಿಲ್ಲ ಎಂದು ಅವನು ತರ್ಕಿಸುವನು; ಪಾಸ್ ಎಂದು, ಎದುರಾಳಿ ಮೊದಲ ಎಲೆ ಇಳಿಸಿದ ಮೇಲೆ ತನ್ನ 13 ಎಲೆಗಳನ್ನು ಮೇಜಿನ ಮೇಲೆ ಬಿಡಿಸಿ ಇಡುವನು.