ವಕ್ರರೇಖೆಗೆ ಹಿಡಿಕೆ ಹೇಗಿರಬೇಕು?

ಪೆಟ್ಟಿಗೆಯ ಡೈ, ಸ್ಟಿಕ್ಕರ್, ಯಂತ್ರದ ಕಸೂತಿ, ಲೇಸರ್ ಕಟಿಂಗ್ – ಇವುಗಳಲ್ಲಿ ಯಾವುದನ್ನು ಮಾಡಿಸಿದರೂ ಕೆಲಸ ಆರಂಭವಾಗುವುದು ಸಾಮಾನ್ಯವಾಗಿ ಒಂದು ರೇಖಾಚಿತ್ರದ ಕಡತದಿಂದ. ಕೋರೆಲ್‌ಡ್ರಾ, ಇಲಸ್ಟ್ರೇಟರ್, ಇಂಕ್‌ಸ್ಕೇಪ್ ಮುಂತಾದ ತಂತ್ರಾಂಶಗಳಲ್ಲಿ ಸಿದ್ಧವಾಗುವ ಇಂತಹ ಕಡತದಲ್ಲಿ ಛಾಯಾಚಿತ್ರದಲ್ಲಿರುವಂತೆ ಬಣ್ಣದ ಚುಕ್ಕೆಗಳಿರುವುದಿಲ್ಲ. ಬಿಂದುಗಳೂ ಅವುಗಳನ್ನು ಜೋಡಿಸುವ ವಕ್ರರೇಖೆಗಳೂ ಇರುತ್ತವೆ. ಆ ರೇಖೆಯನ್ನು ತಿದ್ದಲು ವಿನ್ಯಾಸಗಾರನಿಗೆ ತಗಲುವ ಗಂಟೆಗಳ ಬಿಲ್ಲು ಕೊನೆಗೆ ಉದ್ಯಮಿಯ ಮೇಜಿಗೇ ಬರುತ್ತದೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ಅರಿತಿರುವುದು ಲಾಭದಾಯಕ.

ಈ ರೇಖೆಗಳು ಹುಟ್ಟಿದ್ದು ಫ್ರಾನ್ಸಿನ ಮೋಟಾರು ಕಾರ್ಖಾನೆಗಳಲ್ಲಿ. ಸಿಟ್ರೊಯೆನ್ ಕಂಪೆನಿಯ ಪಾಲ್ ದ ಕ್ಯಾಸ್ಟೆಲ್‌ಜೊ 1959ರಲ್ಲಿ ಇವುಗಳ ಗಣಿತವನ್ನು ರೂಪಿಸಿದರು. ಕಂಪೆನಿಯು ಅದನ್ನು ಗುಟ್ಟಾಗಿರಿಸಿತು. 1960ರ ದಶಕದಲ್ಲಿ ರೆನೊ ಕಂಪೆನಿಯ ಪಿಯೆರ್ ಬೆಜಿಯೆ ಅದೇ ಫಲಿತಾಂಶವನ್ನು ಬೇರೆ ದಾರಿಯಿಂದ ತಲುಪಿ ಪ್ರಕಟಿಸಿದರು. ಹೀಗಾಗಿ ಹೆಸರು ಬೆಜಿಯೆಯವರದಾಯಿತು.

ರೇಖೆಯ ಒಂದು ತುಂಡಿಗೆ ನಾಲ್ಕು ಬಿಂದುಗಳು. ಎರಡು ರೇಖೆಯ ತುದಿಗಳಲ್ಲಿರುತ್ತವೆ. ಉಳಿದೆರಡು ಸಾಮಾನ್ಯವಾಗಿ ರೇಖೆಯ ಹೊರಗಿರುವ ಹಿಡಿಕೆಗಳು. ತುದಿಯಿಂದ ಹೊರಡುವ ರೇಖೆ ತನ್ನ ಹಿಡಿಕೆಯ ದಿಕ್ಕಿನಲ್ಲಿ ಹೊರಡುತ್ತದೆ. ಹಿಡಿಕೆ ಉದ್ದವಾದಷ್ಟೂ ಆ ದಿಕ್ಕನ್ನು ಬಿಡುವುದು ತಡ. ನಾಲ್ಕೂ ಬಿಂದುಗಳ ಸುತ್ತ ದಾರವೊಂದನ್ನು ಬಿಗಿಯಾಗಿ ಎಳೆದು ಸುತ್ತಿದರೆ ರೇಖೆ ಆ ಆವರಣವನ್ನು ದಾಟುವುದಿಲ್ಲ. ಎಳೆದ ಕಡೆಗೆ ಬಾಗುವ ಈ ವಿಧೇಯತೆಯೇ ಅದರ ಜನಪ್ರಿಯತೆಗೆ ಕಾರಣ. ಹೊಸಬರಿಗೆ ತೊಡಕಾಗುವುದು ಒಂದೇ: ಮುಟ್ಟಬೇಕಾದ ಜಾಗ ರೇಖೆಯ ಮೇಲಿಲ್ಲ.

ಹಾಗಾದರೆ ರೇಖೆಯನ್ನೇ ಹಿಡಿದು ಎಳೆಯಲು ಬಿಡಬಾರದೇಕೆ? ಇಂಕ್‌ಸ್ಕೇಪ್ ಹಾಗೂ ಕೋರೆಲ್‌ಡ್ರಾಗಳಲ್ಲಿ ಈ ಸೌಕರ್ಯವಿದೆ. ಆದರೆ ಮೌಸಿನ ಚಲನೆಯಿಂದ ದೊರೆಯುವುದು ಅಡ್ಡ, ಉದ್ದ ಎಂಬ ಎರಡು ಅಳತೆ ಮಾತ್ರ. ಎರಡು ಹಿಡಿಕೆಗಳ ಸ್ಥಾನಕ್ಕೆ ಬೇಕಾದುದು ನಾಲ್ಕು. ಉಳಿದುದನ್ನು ತಂತ್ರಾಂಶವೇ ಊಹಿಸಬೇಕು. ಎಳೆದ ಜಾಗಕ್ಕೆ ಸಮೀಪದ ಹಿಡಿಕೆಯನ್ನು ಹೆಚ್ಚು, ದೂರದ್ದನ್ನು ಕಡಿಮೆ ಸರಿಸುವುದು ಸಹಜವೆನಿಸುವ ಊಹೆ. ಎರಡನ್ನೂ ಸಮನಾಗಿ ಸರಿಸಿದರೆ ತಿದ್ದಬೇಕಿಲ್ಲದ ತುದಿಯೂ ಕೆಡುತ್ತದೆ.

ಇನ್ನೊಂದು ಮಾರ್ಗ ರಾಫ್ ಲೆವಿಯನ್ ರೂಪಿಸಿದ ಸ್ಪೈರೊ. ಅವರು 2009ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧ ಇದೇ ವಿಷಯದ್ದು. ಇಲ್ಲಿ ಹಿಡಿಕೆಗಳೇ ಇಲ್ಲ; ರೇಖೆ ಹಾದುಹೋಗಬೇಕಾದ ಬಿಂದುಗಳನ್ನಿಟ್ಟರೆ ನಯವಾದ ಬಾಗು ತಾನಾಗಿ ಮೂಡುತ್ತದೆ. ನೋಡಲು ಬಹಳ ಚೆಂದ. ಆದರೆ ಒಂದು ಬಿಂದುವನ್ನು ಸರಿಸಿದರೆ ಅಕ್ಕಪಕ್ಕದ ತುಂಡುಗಳೂ ಅಲುಗುತ್ತವೆ. ಅಳತೆ ಕರಾರುವಾಕ್ಕಾಗಿರಬೇಕಾದ ಡೈ ಕೆಲಸಕ್ಕೆ ಹಿಡಿಕೆಗಳೇ ಮೇಲೆಂಬುದು ಈ ಲೇಖಕನ ಅಭಿಪ್ರಾಯ.

ಬಿಂದುಗಳ ಸಂಖ್ಯೆಯಂತೂ ನೇರವಾಗಿ ಹಣದ ಪ್ರಶ್ನೆ. ಪೂರ್ಣ ವೃತ್ತಕ್ಕೆ ನಾಲ್ಕೇ ಬಿಂದು ಸಾಕು. ಹಿಡಿಕೆಯ ಉದ್ದ ತ್ರಿಜ್ಯದ 0.5523 ಭಾಗವಿದ್ದರೆ, 100 ಮಿ.ಮೀ. ತ್ರಿಜ್ಯದಲ್ಲಿ ದೋಷ 0.03 ಮಿ.ಮೀ.ಗೂ ಕಡಿಮೆ. ಮಸುಕಾದ ಚಿತ್ರದಿಂದ ಸ್ವಯಂಚಾಲಿತವಾಗಿ ಎಳೆಸಿದ ರೇಖೆಯಲ್ಲಾದರೋ ಅದೇ ವೃತ್ತಕ್ಕೆ ಹತ್ತಾರು ಬಿಂದುಗಳು ಬಂದು ಕೂರಬಹುದು. ಪ್ರತಿ ಸಣ್ಣ ಮುರಿತದಲ್ಲಿಯೂ ಯಂತ್ರ ವೇಗ ತಗ್ಗಿಸುತ್ತದೆ. ಅಲ್ಲಿ ಲೇಸರ್ ಅಂಚನ್ನು ಸುಡುವುದೂ ಉಂಟು. ದುಂಡು ಬಾಗುಗಳೇ ತುಂಬಿರುವ ನಮ್ಮ ಕನ್ನಡ ಅಕ್ಷರಗಳಲ್ಲಿ ಈ ದೋಷ ಬೇಗ ಕಣ್ಣಿಗೆ ಬೀಳುತ್ತದೆ. ಬಾಗಿನ ಅತಿ ಮೇಲಿನ, ಕೆಳಗಿನ, ಎಡದ, ಬಲದ ತುದಿಗಳಲ್ಲಿ ಬಿಂದುವಿಟ್ಟು, ಹಿಡಿಕೆಗಳನ್ನು ನೇರ ಅಡ್ಡಕ್ಕೋ ಲಂಬಕ್ಕೋ ಇರಿಸುವುದು ಅಕ್ಷರ ವಿನ್ಯಾಸಕಾರರ ರೂಢಿ.

ತಂತ್ರಾಂಶ ಕೊಳ್ಳುವ ಮುನ್ನ ಅಂಗಡಿಯ ಹೆಸರಿನ ಒಂದು ಅಕ್ಷರವನ್ನು ತಮ್ಮ ನೌಕರನಿಂದಲೇ ತಿದ್ದಿಸಿ ನೋಡಬಹುದು. ಇಂಕ್‌ಸ್ಕೇಪ್ ಉಚಿತವಾದುದರಿಂದ ಪರೀಕ್ಷೆಗೆ ಖರ್ಚಿಲ್ಲ. ಹೊರಗಡೆ ವಿನ್ಯಾಸ ಮಾಡಿಸುವವರು ಮುದ್ರಿತ ಮಾದರಿಯ ಜೊತೆಗೆ ತಿದ್ದಲು ಬರುವ ಮೂಲ ಕಡತವನ್ನೂ ಕೇಳಿ ಪಡೆಯಬೇಕು. ಬಿಲ್ಲು ಪಾವತಿಸುವ ಮೊದಲು ಅದನ್ನು ತೆರೆದು ಬಿಂದುಗಳನ್ನು ಎಣಿಸಿ ನೋಡತಕ್ಕದ್ದು.