*ವಿಆರ್ ಆಟದಿಂದ ಮಗುವಿನ ನಡಿಗೆ ಸುಧಾರಿಸುತ್ತದೆಯೇ?*



ನಾನು ಹೃದ್ರೋಗ ತಜ್ಞ. ಆದರೂ ಪರಿಚಯದ ಮನೆಗಳಿಂದ ಈ ಪ್ರಶ್ನೆ ಬರುತ್ತದೆ: "ಡಾಕ್ಟ್ರೇ, ಮಗುವಿಗೆ ಸೆರೆಬ್ರಲ್ ಪಾಲ್ಸಿ. ವಿಆರ್ ಥೆರಪಿ ಪ್ಯಾಕೇಜ್ ತಗೊಂಡ್ರೆ ನಡೀತಾನಾ?"

*ಕಾಯಿಲೆ ಏನು?*
ಬೆಳೆಯುತ್ತಿರುವ ಮೆದುಳಿಗೆ ಗರ್ಭದಲ್ಲಿ, ಹೆರಿಗೆಯಲ್ಲಿ ಅಥವಾ ಎಳವೆಯಲ್ಲಿ ಆದ ಹಾನಿ. ಆ ಹಾನಿ ಹೆಚ್ಚುತ್ತಾ ಹೋಗುವುದಿಲ್ಲ. ಆದರೆ ಮಗು ಬೆಳೆದಂತೆ ಸ್ನಾಯು ಬಿಗಿಯುತ್ತದೆ, ಕೀಲು ಗಡುಸಾಗುತ್ತದೆ. ಅದಕ್ಕೇ ಅಭ್ಯಾಸ ನಿಲ್ಲಬಾರದು.

*ವಿಆರ್ ಏನು ಮಾಡುತ್ತದೆ?*
ಮಗು ದೇಹದ ಭಾರವನ್ನು ಬಲಗಾಲಿಗೆ ಹಾಕಿದರೆ ಪರದೆಯಲ್ಲಿ ಚೆಂಡು ಸಿಗುತ್ತದೆ. ಟ್ರೆಡ್‌ಮಿಲ್ ಮೇಲೆ ನಡೆದರೆ ಎದುರಿಗೆ ಕಾಡಿನ ದಾರಿ ಸಾಗುತ್ತದೆ. "ಇನ್ನೂ ಹತ್ತು ಸಲ ಮಾಡು" ಎಂದರೆ ಅಳುವ ಮಗು, ಆಟವೆಂದರೆ ಬೇಸರವಿಲ್ಲದೆ ಮಾಡುತ್ತದೆ. ಸರಿ ತಪ್ಪು ತಕ್ಷಣ ಕಣ್ಣಿಗೆ ಕಾಣುತ್ತದೆ. ಮೆದುಳು ಕಲಿಯುವುದೇ ಹೀಗೆ, ಮತ್ತೆ ಮತ್ತೆ ಮಾಡಿ.

*ಲಾಭ ಎಷ್ಟು?*
ಸಮತೋಲನ ಮತ್ತು ನಡಿಗೆಯಲ್ಲಿ ಸ್ವಲ್ಪ ಸುಧಾರಣೆಯನ್ನು ಹಲವು ಅಧ್ಯಯನಗಳು ತೋರಿಸಿವೆ. ಆದರೆ ಹೆಚ್ಚಿನವು ಸಣ್ಣ ಅಧ್ಯಯನಗಳು. ಅವುಗಳಲ್ಲಿ ಬಹುಪಾಲು, ಆಸರೆ ಹಿಡಿದಾದರೂ ನಡೆಯಬಲ್ಲ ಮಕ್ಕಳೇ ಇದ್ದರು. ವಿಆರ್ ಫಿಸಿಯೋಥೆರಪಿಯ ಜೊತೆಗಾರ, ಬದಲಿ ಅಲ್ಲ. ಮೆದುಳಿನ ಹಾನಿಯನ್ನು ಅದು ಅಳಿಸುವುದಿಲ್ಲ.

*ಹಣ ಕಟ್ಟುವ ಮುನ್ನ:*
✅ ಗುರಿ ಏನೆಂದು ಕೇಳಿ. "ನಡೆಯುತ್ತಾನೆ" ಎಂಬ ಭರವಸೆ ಸಾಲದು. 6 ನಿಮಿಷದಲ್ಲಿ ಈಗ ಎಷ್ಟು ದೂರ ನಡೆಯುತ್ತಾನೆ, ಎರಡು ತಿಂಗಳ ನಂತರ ಎಷ್ಟು? ಅಳೆದು ಬರೆದುಕೊಡಲಿ.
✅ ಫಿಟ್ಸ್ ಬರುತ್ತಿದ್ದರೆ ಮೊದಲು ನರರೋಗ ತಜ್ಞರನ್ನು ಕೇಳಿ. ಈ ಮಕ್ಕಳಲ್ಲಿ ಫಿಟ್ಸ್ ಅಪರೂಪವಲ್ಲ.
✅ ತಲೆಗೆ ಕಟ್ಟುವ ಹೆಡ್‌ಸೆಟ್‌ಗೆ ವಯಸ್ಸಿನ ಮಿತಿ ಇರುತ್ತದೆ. ಚಿಕ್ಕವರಿಗೆ ಎದುರಿನ ಪರದೆಯೇ ಸಾಕು.
✅ ಸಾಲ ಮಾಡಬೇಡಿ. ವಿಆರ್‌ಗಾಗಿ ಫಿಸಿಯೋಥೆರಪಿ ಬಿಡಬೇಡಿ.

*ಹೃದಯದ ವೈದ್ಯನ ಮಾತು:* ❤️
ಅಷ್ಟೇ ದೂರ ನಡೆಯಲು ಈ ಮಕ್ಕಳಿಗೆ ಬೇರೆ ಮಕ್ಕಳಿಗಿಂತ ಹೆಚ್ಚು ಶಕ್ತಿ ಬೇಕು. ಬೇಗ ಸುಸ್ತಾದರೆ ಅದು ಸೋಮಾರಿತನವಲ್ಲ, ಬೈಯಬೇಡಿ. ಮಾತಾಡಲಾಗದಷ್ಟು ಏದುಸಿರು ಬಂದರೆ ಕೂರಿಸಿ.

*ಊರು ಬಿಟ್ಟು ಬಂದವರಿಗೆ:*
ಯುಡಿಐಡಿ ಅಂಗವಿಕಲರ ಕಾರ್ಡ್ ದೇಶದಾದ್ಯಂತ ನಡೆಯುತ್ತದೆ. ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವಿದೆ, ಥೆರಪಿ ಖರ್ಚೂ ಸೇರಿ. ಥೆರಪಿಸ್ಟ್‌ಗೆ ಕನ್ನಡ ಬಾರದಿದ್ದರೆ "ನಿಲ್ಲು", "ಬಲಗಾಲು", "ಎಡಗಾಲು" ಎಂಬ ಮಾತು ಕಲಿಸಿಕೊಡಿ. ಮಗುವಿಗೆ ಮನೆಮಾತೇ ಬೇಗ ತಿಳಿಯುವುದು.

ವಿಆರ್ ಕೈಗೆಟುಕದಿದ್ದರೆ ನೆಲಕ್ಕೆ ಬಣ್ಣದ ಟೇಪ್ ಅಂಟಿಸಿ, ಅದರ ಮೇಲೆ ಹೆಜ್ಜೆ ಇಡಿಸಿ. ಬಲೂನ್ ಒದೆಯಲು ಹೇಳಿ, ಪಕ್ಕದಲ್ಲಿ ನೀವಿರಿ. ಯಾವ ಆಟ ಸರಿ ಎಂದು ಥೆರಪಿಸ್ಟ್ ಹೇಳುತ್ತಾರೆ. ದಿನವೂ ಆಡಿಸುವುದು ಮಾತ್ರ ನಿಮ್ಮ ಕೈಯಲ್ಲಿದೆ.

ಇಂಥ ಮಗುವಿರುವ ಮನೆಗೆ ಇದನ್ನು ಕಳುಹಿಸಿ 🙏